ಬಡೇಬಿಯ ಮೂರು ಕುಡಿಕೆಗಳು

ಕುರ್ಡಿಯ ಸೂಲಗಿತ್ತಿ ಬಡೇಬೀ ಮಾನ್ವಿಯ ಸರಕಾರಿ ದವಾಖಾನೆಗೆ ಒಂದು ತಿಂಗಳ ತರಬೇತಿಗೆ ಹೋದಾಗ ಅವಳಿಗೆ ಸುಮಾರು ಐವತ್ತೈದು ವರ್ಷ. ಸುಮಾರು ಎಂದೇ ಹೇಳಬೇಕು, ಏಕೆಂದರೆ ಅವಳು ಹುಟ್ಟಿದ ವರ್ಷ ಯಾರಿಗೂ ಗೊತ್ತಿರಲಿಲ್ಲ. ರಜಾಕಾರರ ಗಲಾಟೆಯ ಹೊತ್ತಿಗೆ ಮಗ ಮೌಲಾಹುಸೇನ ಇನ್ನೂ ಎದೆಹಾಲು ಕುಡಿಯುತ್ತಿದ್ದ ಎಂಬುದಷ್ಟೇ ಅವಳಿಗಿದ್ದ ಗುರುತು.

ಅದು ೧೯೭೯ರ ಬೇಸಿಗೆ. ಹಳ್ಳಿಯ ಸೂಲಗಿತ್ತಿಯರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಲು ಸರಕಾರ ಹೊರಟಿತ್ತು. ಮೂವತ್ತು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದವರಿಗೆ ಇವರು ಕಲಿಸುವುದೇನು ಎಂದು ಜೊತೆಗಿದ್ದ ಹೆಂಗಸರು ಗೊಣಗಿದರು. ಬಡೇಬೀ ಗೊಣಗಲಿಲ್ಲ. ದವಾಖಾನೆಯ ಗೋಡೆಗೆ ತೂಗುಹಾಕಿದ್ದ ಚಿತ್ರದಲ್ಲಿ ಬಸುರಿಯ ಹೊಟ್ಟೆಯನ್ನು ಕುಂಬಳಕಾಯಿ ಹೋಳು ಮಾಡಿದ ಹಾಗೆ ತೆರೆದು ತೋರಿಸಿದ್ದರು. ಇಷ್ಟು ವರ್ಷ ಕೈಯಿಂದ ತಡವಿ ತಿಳಿದದ್ದನ್ನು ಅವಳು ಮೊದಲ ಸಲ ಕಣ್ಣಿನಿಂದ ಕಂಡಳು. ಉಳಿದವರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಇವಳು ರೊಟ್ಟಿಯನ್ನು ಸೆರಗಿನಲ್ಲಿಟ್ಟುಕೊಂಡು ಚಿತ್ರದ ಮುಂದೆ ನಿಂತು, ಕೂಸು ತಲೆಕೆಳಗಾಗಿ ಹೇಗೆ ಮಡಚಿಕೊಂಡಿದೆ ಎಂದು ನೋಡುತ್ತಿದ್ದಳು.

ಕಲಿಸುತ್ತಿದ್ದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಒಂದು ದಿನ ಅವರು, ಹದಿನೆಂಟು ತುಂಬುವ ಮೊದಲು ಹುಡುಗಿ ಹಡೆದರೆ ತಾಯಿಗೂ ಕೂಸಿಗೂ ಅಪಾಯ, ಈಗ ಮದುವೆಯ ಕಾನೂನೂ ಹಾಗೇ ಆಗಿದೆ ಎಂದು ಹೇಳಿದರು. ಹಿಂದಿನ ಸಾಲಿನಿಂದ ಬಡೇಬೀ ಕೇಳಿದಳು:

"ಸಾಹೇಬ್ರ, ಇದು ನಿಮಗ ಹ್ಯಾಂಗ ಗೊತ್ತಾತ್ರಿ?"

"ಪುಸ್ತಕದಾಗ ಅದ."

"ಪುಸ್ತಕ ಬರದವರಿಗಿ?"

"ಅವರು ಎಣಿಸ್ಯಾರ. ಎಷ್ಟು ಮಂದಿ ಹಡದ್ರು, ಎಷ್ಟು ಕೂಸು ಉಳದ್ವು ಅಂತ."

"ಕುರ್ಡ್ಯಾಗ ಎಣಿಸಾಕ ಯಾರೂ ಬಂದಿಲ್ರಿ."

ಹೆಂಗಸರೆಲ್ಲ ನಕ್ಕರು. ಡಾಕ್ಟರೂ ನಕ್ಕು ಮುಂದಿನ ಪಾಠಕ್ಕೆ ಹೋದರು. ಬಡೇಬೀ ನಗಲಿಲ್ಲ. ತಾನು ಹನ್ನೆರಡಕ್ಕೆ ಮದುವೆಯಾದವಳು, ಊರಿನಲ್ಲಿ ಎಲ್ಲರೂ ಹಾಗೇ. ಡಾಕ್ಟರು ಹೇಳಿದ್ದು ನಿಜವೋ ಸುಳ್ಳೋ ಕುರ್ಡಿಯಲ್ಲಿ ನೋಡಿದರೆ ತಿಳಿಯುತ್ತದಲ್ಲ ಎಂದು ಅವಳಿಗೆ ಅನ್ನಿಸಿತು. ತರಬೇತಿ ಮುಗಿದು, ಬ್ಲೇಡು, ದಾರ, ಸೋಪು ತುಂಬಿದ ಅಲ್ಯುಮಿನಿಯಂ ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ಊರಿಗೆ ಬರುವಾಗಲೂ ಅದೇ ಯೋಚನೆ.

ಕುರ್ಡಿಗೆ ಆಗ ಸೂಗಮ್ಮ ಎಂಬ ನರ್ಸು ಬಂದು ಆರು ತಿಂಗಳಾಗಿತ್ತು. ಚೀಕಲಪರ್ವಿಯ ಕೂಲಿ ಮನೆತನದವಳು, ಊರ ಹೊರಗಿನ ಕೇರಿಯಲ್ಲಿ ಬೆಳೆದು ಮೆಟ್ರಿಕ್ ಮುಗಿಸಿದ ಮೊದಲ ಹುಡುಗಿ. ಅವಳ ಜಾತಿ ತಿಳಿದ ಮೇಲೆ ಊರಿನಲ್ಲಿ ಯಾರೂ ಬಾಡಿಗೆಗೆ ಮನೆ ಕೊಡಲಿಲ್ಲ. ಬಡೇಬೀ ತನ್ನ ಮನೆಯ ಪಕ್ಕದ, ಮೊದಲು ಆಡು ಕಟ್ಟುತ್ತಿದ್ದ ಕೋಣೆಯನ್ನು ಸಾರಿಸಿ ಕೊಟ್ಟಿದ್ದಳು. ದೊಡ್ಡ ಮನೆಗಳವರು ಸೂಜಿ ಹಾಕಿಸಿಕೊಳ್ಳಲು ಸೂಗಮ್ಮನನ್ನು ಕರೆಸುತ್ತಿದ್ದರು. ಆದರೆ ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ನೀರು ಕೇಳಿದರೆ ಮೇಲಿನಿಂದ ಸುರಿಯುತ್ತಿದ್ದರು. ಅವಳ ಕೈ ತಮ್ಮ ತೋಳಿಗೆ ತಗಲಬಹುದು, ಚೊಂಬಿಗೆ ತಗಲಬಾರದು ಎಂಬುದು ಯಾವ ಲೆಕ್ಕ ಎಂದು ಬಡೇಬೀ ಒಮ್ಮೆ ಸೂಗಮ್ಮನನ್ನೇ ನೇರವಾಗಿ ಕೇಳಿದ್ದಳು. "ನನಗೂ ತಿಳಿದಿಲ್ಲಬೇ. ನಿನಗ ತಿಳಿದ್ರ ಹೇಳು" ಎಂದು ಸೂಗಮ್ಮ ನಕ್ಕಿದ್ದಳು.

ತರಬೇತಿಯಿಂದ ಬಂದ ದಿನವೇ ಬಡೇಬೀ ಕೇಳಿದಳು: "ನಿನ್ನ ದಫ್ತರದಾಗ ಹಡದವರ ವಯಸ್ಸು ಬರೀತಿಯಲ್ಲ, ಅದನ್ನ ಓದಿ ಹೇಳು."

ಸೂಗಮ್ಮ ರಿಜಿಸ್ಟರು ತೆರೆದಳು. "ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಇದೂ ಇಪ್ಪತ್ತು."

"ಎಲ್ಲರದೂ ಇಪ್ಪತ್ತ ಹ್ಯಾಂಗ?"

"ಯಾರಿಗೂ ತಮ್ಮ ವಯಸ್ಸ ಗೊತ್ತಿಲ್ಲ. ಕಡಿಮಿ ಬರದ್ರ ಮ್ಯಾಲಿನವರು ನನ್ನ ಕೇಳ್ತಾರ. ಅದಕ ಇಪ್ಪತ್ತು."

ಹಾಗಾದರೆ ರಿಜಿಸ್ಟರಿನಿಂದ ಏನೂ ತಿಳಿಯುವಂತಿರಲಿಲ್ಲ. ಬಡೇಬೀ ಎರಡು ದಿನ ಅದನ್ನೇ ಯೋಚಿಸಿದಳು. ಮೂರನೆಯ ದಿನ ರೊಟ್ಟಿ ತಟ್ಟುತ್ತಿದ್ದಾಗ ಉಪಾಯ ಹೊಳೆಯಿತು. ಹುಟ್ಟಿದ ದಿನ ಯಾವ ಹೆಂಗಸಿಗೂ ಗೊತ್ತಿಲ್ಲ, ಆದರೆ ಮೈನೆರೆದ ದಿನವನ್ನು ಯಾವ ಹೆಂಗಸೂ ಮರೆತಿಲ್ಲ. ಅಂದು ಮೂಲೆಯಲ್ಲಿ ಕೂರಿಸಿ ಕೊಬ್ಬರಿ ಬೆಲ್ಲ ತಿನ್ನಿಸಿದ್ದು, ಆರತಿಗೆ ಯಾರು ಬಂದಿದ್ದರು, ಯಾವ ಬಣ್ಣದ ಸೀರೆ, ಎಲ್ಲ ನೆನಪಿರುತ್ತದೆ. ಅಲ್ಲಿಂದ ಜೋಳದ ಸುಗ್ಗಿ ಎಣಿಸಿದರೆ ಆಯಿತು.

ಅವಳು ಮಣ್ಣಿನ ಮೂರು ಕುಡಿಕೆ ತಂದು ಗೋಡೆಯ ಗೂಡಿನಲ್ಲಿಟ್ಟಳು. ಮೈನೆರೆದು ಎರಡು ಸುಗ್ಗಿಯೊಳಗೆ ಚೊಚ್ಚಲ ಹೆರಿಗೆಯಾದವರು ಮೊದಲ ಕುಡಿಕೆಗೆ. ನಾಲ್ಕು ಸುಗ್ಗಿಯೊಳಗಿನವರು ಎರಡನೆಯದಕ್ಕೆ. ಅದಕ್ಕೂ ತಡವಾದವರು ಮೂರನೆಯದಕ್ಕೆ. ಕೂಸು ವರ್ಷ ದಾಟಿದ್ದರೆ ಒಂದು ಹುಣಸೆ ಬೀಜ, ದಾಟದಿದ್ದರೆ ಒಂದು ಸಣ್ಣ ಕಲ್ಲು. ತಾಯಿಯೇ ಹೋಗಿದ್ದರೆ ಒಡೆದ ಬಳೆಯ ಒಂದು ಚೂರು.

ಮುಂದೆ ಎರಡು ವರ್ಷ ಅವಳು ಕೇಳಿದ್ದು ಒಂದೇ ಪ್ರಶ್ನೆ. ಬಾವಿಕಟ್ಟೆಯಲ್ಲಿ, ಹತ್ತಿ ಬಿಡಿಸುವ ಹೊಲದಲ್ಲಿ, ಹಿಟ್ಟಿನ ಗಿರಣಿಯ ಮುಂದೆ, ಸಿಕ್ಕ ಹೆಂಗಸಿನ ಪಕ್ಕ ಕೂತು ಕೇಳುತ್ತಿದ್ದಳು:

"ನೀ ದೊಡ್ಡಾಕಿ ಆಗಿ ಎಷ್ಟನೇ ಸುಗ್ಗಿಗಿ ಚೊಚ್ಚಲ ಕೂಸು ಹಡದಿ ಯವ್ವಾ?"

ಮೊದಮೊದಲು ನಗೆಚಾಟಿಕೆ. "ಯಾಕಬೇ, ಮತ್ತ ಹಡಸ್ತೀಯೇನು ನನ್ನ?" ಎಂದವರಿದ್ದರು. ಆದರೆ ಬೆರಳು ಮಡಚಲು ಶುರು ಮಾಡಿದ ಮೇಲೆ ನಗು ನಿಲ್ಲುತ್ತಿತ್ತು. ಯಾರೂ ಎಂದೂ ಕೇಳಿರದ ಪ್ರಶ್ನೆ ಅದು. ಒಬ್ಬಳು ತನ್ನ ಅಕ್ಕನ ಸುದ್ದಿ ಹೇಳುತ್ತಿದ್ದಳು, ಇನ್ನೊಬ್ಬಳು ಹೆಸರಿಡುವ ಮೊದಲೇ ಹೋದ ಕೂಸಿನ ಕೂದಲು ಎಷ್ಟು ದಟ್ಟವಾಗಿತ್ತು ಎಂದು ಹೇಳುತ್ತಿದ್ದಳು. ಗೌಡರ ಮನೆಯ ಸೊಸೆಯೂ ಹಿತ್ತಲ ಬಾಗಿಲಿಗೆ ಕರೆದು ತನ್ನದನ್ನು ಹೇಳಿದಳು. ಅವಳದೂ ಕಲ್ಲೇ.

ಬಡೇಬಿಗೆ ಇಪ್ಪತ್ತರ ಆಚೆ ಎಣಿಸಲು ಬರುತ್ತಿರಲಿಲ್ಲ. ಸೂಗಮ್ಮ ತಿಂಗಳಿಗೊಮ್ಮೆ ಕುಡಿಕೆ ಸುರಿದು ಎಣಿಸಿ ಕಾಗದದಲ್ಲಿ ಬರೆಯುತ್ತಿದ್ದಳು. ಒಂದು ಸಂಜೆ ಎಣಿಸಿ ಮುಗಿಸಿ ಅವಳು ಕೈ ಕೆಳಗಿಟ್ಟಳು. ಮೊದಲ ಕುಡಿಕೆಯಲ್ಲಿ ನಲವತ್ತಾರು ಹೆರಿಗೆಗೆ ಹತ್ತೊಂಬತ್ತು ಕಲ್ಲು, ನಾಲ್ಕು ಬಳೆ ಚೂರು. ಎರಡನೆಯದರಲ್ಲಿ ಮೂವತ್ತೊಂದಕ್ಕೆ ಏಳು ಕಲ್ಲು, ಒಂದು ಚೂರು. ಮೂರನೆಯದರಲ್ಲಿ ಇಪ್ಪತ್ತೆರಡಕ್ಕೆ ಎರಡೇ ಕಲ್ಲು.

"ಡಾಕ್ಟರ ಸುಳ್ಳ ಹೇಳಿಲ್ಲ" ಎಂದಳು ಬಡೇಬೀ.

ಆದರೆ ಅವಳ ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ನಿಲ್ಲದಂತೆ ಮಾಡಿದವಳು ಗೋಪಮ್ಮ.

ಗೋಪಮ್ಮ ಬಂಡಿ ಹೊಡೆಯುವ ಗದ್ದೆಪ್ಪನ ಹೆಂಡತಿ. ಮೂರು ಹಡೆದಿದ್ದಳು, ಒಂದೂ ಉಳಿದಿರಲಿಲ್ಲ. ಅವಳ ಮಡಿಲು ಸುಡುಗಾಡು ಎಂದು ಅತ್ತೆ ಓಣಿಗೆ ಕೇಳುವಂತೆ ಅನ್ನುತ್ತಿದ್ದಳು. ಬಾಗಲವಾಡದಲ್ಲಿ ಗದ್ದೆಪ್ಪನಿಗೆ ಇನ್ನೊಂದು ಹೆಣ್ಣು ನೋಡಿಯಾಗಿತ್ತು. ಬಡೇಬೀ ಕೇಳಿದಾಗ ಗೋಪಮ್ಮ ಬೆರಳು ಮಡಚಿ, ಎರಡನೇ ಸುಗ್ಗಿಗೆ ತವರಿನಲ್ಲಿ ಮೊದಲನೆಯದು, ಏಳು ತಿಂಗಳಿಗೇ ಹುಟ್ಟಿ ಅಂದೇ ಹೋಯಿತು ಎಂದಳು. ಆಮೇಲೆ ಕೇಳಿದಳು:

"ಒಂದಕ್ಕ ಒಂದ ಕಲ್ಲು ಹಾಕ್ತಿ. ಉಳಿದೆರಡಕ್ಕ ಎಲ್ಲಿ ಹಾಕ್ತಿ ಯವ್ವಾ?"

ಉಳಿದೆರಡು ಕುರ್ಡಿಯಲ್ಲೇ ಹುಟ್ಟಿದ್ದವು. ಹಡೆಸಿದ್ದು ಬಡೇಬೀಯೇ. ಎರಡೂ ತುಂಬಿದ ಮೈಯ ಕೂಸುಗಳು, ಹುಟ್ಟಿದ ಕೂಡಲೇ ಜೋರಾಗಿ ಅತ್ತಿದ್ದವು.

"ಅವು ಹ್ಯಾಂಗ ಹೋದ್ವು, ಮತ್ತೊಮ್ಮಿ ಹೇಳು."

"ಒಂದು ಏಳನೇ ದಿನ, ಒಂದು ಎಂಟನೇ ದಿನ. ಬಾಯಿ ಬಿಡಲಿಲ್ಲ. ಮೊಲಿ ಹಿಡೀಲಿಲ್ಲ. ಮೈ ಬಿಲ್ಲಿನಂಗ ಬಾಗತಿತ್ತು. ಗಾಳಿ ತಗಲ್ಯದ ಅಂದ್ರು."

ಬಡೇಬೀ ಎದ್ದು ಮನೆಗೆ ಬಂದಳು. ಸೂಗಮ್ಮ ಸೂಜಿ ಕುದಿಸುತ್ತಿದ್ದಳು. ತರಬೇತಿಯಲ್ಲಿ ಬ್ಲೇಡು ಕುದಿಸಬೇಕು ಎಂದು ಡಾಕ್ಟರು ಯಾಕೆ ಹೇಳಿದರು, ಇನ್ನೊಮ್ಮೆ ಬಿಡಿಸಿ ಹೇಳು ಎಂದು ಕೇಳಿದಳು. ಸೂಗಮ್ಮ ಹೇಳಿದಳು. ಮಣ್ಣಿನಲ್ಲಿ, ಸಗಣಿಯಲ್ಲಿ ಕಣ್ಣಿಗೆ ಕಾಣದ ವಿಷವಿರುತ್ತದೆ. ಹೊಕ್ಕಳು ಕೊಯ್ಯುವಾಗ ಒಳಗೆ ಹೋದರೆ ವಾರದಲ್ಲಿ ಕೂಸಿನ ದವಡೆ ಕಟ್ಟುತ್ತದೆ, ಮೈ ಬಿಗಿಯುತ್ತದೆ.

"ಎಂಟನೇ ದಿನಕ್ಕೂ ಆಗ್ತದೇನು?"

"ಆಗ್ತದ."

ಗೋಪಮ್ಮನ ಎರಡೂ ಕೂಸುಗಳ ಹೊಕ್ಕಳನ್ನು ಬಡೇಬೀ ಕೊಯ್ದದ್ದು ಕುಡಗೋಲಿನಿಂದ. ಜೋಳ ಕೊಯ್ಯುವ ಕುಡಗೋಲು, ಸೆರಗಿನಿಂದ ಒರೆಸಿ ಕೊಯ್ದಿದ್ದಳು. ಮೇಲೆ ಸಗಣಿ ಕುಳ್ಳಿನ ಬೂದಿ ಒತ್ತಿದ್ದಳು. ಸೂಲಗಿತ್ತಿಯಾಗಿದ್ದ ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಅತ್ತೆಯ ಅತ್ತೆಯೂ. ಬ್ಲೇಡು ಬಂದ ಮೇಲೆ ಏಳನೇ ದಿನ ಹೋದ ಕೂಸು ಒಂದಾದರೂ ನೆನಪಾಗುತ್ತದೆಯೇ ಎಂದು ಕಣ್ಣು ಮುಚ್ಚಿ ನೋಡಿದಳು. ಇಲ್ಲ. ಮೊದಲು ಎಷ್ಟು ಹೋಗಿದ್ದವು ಎಂದು ನೆನೆಯಲು ಹೋಗಿ ಅರ್ಧಕ್ಕೆ ನಿಲ್ಲಿಸಿದಳು.

ಮೂರನೆಯ ದಿನ ಬೆಳಿಗ್ಗೆ ಅವಳು ಗದ್ದೆಪ್ಪನ ಮನೆಗೆ ಹೋದಳು. ಅತ್ತೆ ಜೋಳ ಕೇರುತ್ತಿದ್ದಳು, ಗದ್ದೆಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ, ಗೋಪಮ್ಮ ಬಾಗಿಲಲ್ಲಿ ನಿಂತಿದ್ದಳು.

"ಗದ್ದೆಪ್ಪಾ, ಬಾಗಲವಾಡದ ಹೆಣ್ಣು ತರಬ್ಯಾಡ" ಎಂದಳು. "ಈಕಿ ಮೊದಲನೇದು ಹೋಗಿದ್ದು ಈಕಿ ಇನ್ನೂ ಹುಡುಗಿ ಇದ್ದಾಗ ಹಡದದ್ದಕ್ಕ. ಉಳಿದೆರಡು ಹೋಗಿದ್ದು ನನ್ನ ಕುಡಗೋಲಿನಿಂದ."

ಗದ್ದೆಪ್ಪನಿಗೆ ಮೊದಲು ತಿಳಿಯಲಿಲ್ಲ. ಅವಳು ಎಲ್ಲವನ್ನೂ ಹೇಳಿದಳು, ಬೂದಿಯನ್ನೂ ಬಿಡಲಿಲ್ಲ.

"ಹಂಗಾರ ನೀನ ಕೊಂದಿ ಅಂದಂಗಾತು" ಎಂದ ಗದ್ದೆಪ್ಪ.

"ಹೌದಪ್ಪ. ತಿಳೀಲಾರದ ಮಾಡೀನಿ. ಆದ್ರ ಮಾಡಿದಾಕಿ ನಾನು, ಈಕಿ ಅಲ್ಲ."

ಅತ್ತೆ ಮೊರವನ್ನು ಕೆಳಗಿಟ್ಟು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಬಡೇಬೀ ತಲೆ ತಗ್ಗಿಸಿ ಕೇಳಿಸಿಕೊಂಡಳು. ಗೋಪಮ್ಮ ಒಳಗೆ ಹೋದಳು.

ಮಧ್ಯಾಹ್ನದೊಳಗೆ ಸುದ್ದಿ ಊರು ತುಂಬಿತು. ಮೌಲಾಹುಸೇನ ಸಿಟ್ಟಿನಿಂದ ಮನೆಗೆ ಬಂದ. ಅವನು ಬಟ್ಟೆ ಗಂಟು ಹೊತ್ತು ಸಂತೆಯಿಂದ ಸಂತೆಗೆ ಹೋಗಿ ಮಾರುವವನು, ಹೆಸರು ಕೆಟ್ಟರೆ ವ್ಯಾಪಾರ ಕೆಟ್ಟಂತೆ ಎಂದು ತಿಳಿದವನು. "ಯಾರು ಕೇಳಿದ್ರು ನಿನ್ನ? ಯಾರಿಗೂ ಗೊತ್ತಿರಲಿಲ್ಲ" ಎಂದ. ಅದೇ ತೊಂದರೆಯಾಗಿತ್ತು ಎಂದಳು ಬಡೇಬೀ. ಎರಡು ತಿಂಗಳು ಅವಳನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಆಮೇಲೆ ಒಂದು ಕಷ್ಟದ ಹೆರಿಗೆಗೆ ಗತಿಯಿಲ್ಲದೆ ಕರೆದರು. ಅವಳು ಅವರ ಕಣ್ಣೆದುರೇ ನೀರು ಕಾಯಿಸಿ, ಬ್ಲೇಡನ್ನು ಎಲ್ಲರಿಗೂ ತೋರಿಸಿ ಕುದಿಸಿದಳು. ಅಂದಿನಿಂದ ಕುರ್ಡಿಯ ಅತ್ತೆಯಂದಿರು ತಾವೇ ಕೇಳತೊಡಗಿದರು: "ಬ್ಲೇಡು ಕುದಿಸೀಯೇನಬೇ?"

ಗೋಪಮ್ಮ ಒಂದು ದಿನ ಬಂದು ಅಂಗಳದಲ್ಲಿ ಕೂತಳು. ಕೇಳಿದಳು: "ಕೂಸುಗಳಿಗಿ ಭಾಳ ನೋವಾಗಿತ್ತೇನು?"

ಇಲ್ಲ ಎನ್ನಬಹುದಿತ್ತು. "ಆಗಿತ್ತು" ಎಂದಳು ಬಡೇಬೀ.

ಗೋಪಮ್ಮ ಅತ್ತಳು. ಎರಡನೆಯ ಮದುವೆಯ ಮಾತು ಮಾತ್ರ ಮತ್ತೆ ಏಳಲಿಲ್ಲ. ಗದ್ದೆಪ್ಪ ಬಾಗಲವಾಡಕ್ಕೆ ಬೇಡವೆಂದು ಹೇಳಿಕಳಿಸಿದ. ಮುಂದಿನ ವರ್ಷ ಗೋಪಮ್ಮ ಮತ್ತೆ ಬಸುರಾದಾಗ ತನ್ನ ಬಂಡಿಯಲ್ಲೇ ಮಾನ್ವಿ ದವಾಖಾನೆಗೆ ಕರೆದೊಯ್ದ. ಹೆಣ್ಣು ಕೂಸು. ಅದು ಉಳಿಯಿತು.

ಬಡೇಬೀ ಗದ್ದೆಪ್ಪನ ಮನೆಗೆ ಹೋಗಿ ಬಂದ ವರ್ಷವೇ, ೧೯೮೧ರಲ್ಲಿ, ಮೌಲಾಹುಸೇನನ ಮಗಳು ರಜಿಯಾ ಏಳನೇ ತರಗತಿ ಮುಗಿಸಿದಳು. ಊರಿನ ಶಾಲೆ ಅಲ್ಲಿಗೇ ಮುಗಿಯುತ್ತಿತ್ತು. ಮುಂದೆ ಓದಲು ಮಾನ್ವಿಗೆ ಹೋಗಬೇಕು. ಆ ಬೇಸಿಗೆಯಲ್ಲಿ ದೇವದುರ್ಗದಿಂದ ಸಂಬಂಧ ಬಂತು. ಸತ್ತಾರ್ ಸಾಬ್ ಅಲ್ಲಿಯ ದೊಡ್ಡ ಬಟ್ಟೆ ಅಂಗಡಿಯವರು, ಮೌಲಾಹುಸೇನ ಮಾಲು ತರುತ್ತಿದ್ದದ್ದು ಅವರಲ್ಲೇ. ಅವರೇ ಮಗನಿಗೆ ಹುಡುಗಿ ಕೇಳಿದಾಗ ಖುಷಿಯಲ್ಲಿ ಅವನಿಗೆ ನೆಲ ಕಾಣಲಿಲ್ಲ. ರಜಿಯಾ ಮೈನೆರೆದು ಆರು ತಿಂಗಳಾಗಿತ್ತು.

ಮನೆಯ ಮಾತು ದಖನಿ. ಸಿಟ್ಟು ಬಂದರೆ ಮಾತ್ರ ತಾಯಿ ಮಗ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದರು.

"ನಕ್ಕೋ, ಬ್ಯಾಡ" ಎಂದಳು ಬಡೇಬೀ. "ಇನ್ನೂ ಐದು ಸುಗ್ಗಿ ಆಗಲಿ."

"ನೀ ಎಷ್ಟಕ್ಕ ಆದಿ ಮದುವಿ? ನಿನ್ನ ಸೊಸಿ ಹಸೀನಾ ಎಷ್ಟಕ್ಕ ಆದಳು? ಕುಡಿಕ್ಯಾಗ ಹಳ್ಳು ತುಂಬಿ ಊರ ಮುಂದ ನಗಿಗೀಡು ಮಾಡಿದಿ. ಈಗ ಅದನ್ನ ನೋಡಿ ಮಗಳ ನಸೀಬ ಒಡೀಲೇನು?"

"ಅದು ಹಳ್ಳಲ್ಲ. ಈ ಊರಾಗಿನ ಕೂಸುಗಳು."

"ಬ್ಯಾರೆಯವರ ಮನಿ ಸುದ್ದಿ ನಮಗ ಯಾಕ?"

ಹಸೀನಾ ಬೇಗಂ ಒಲೆಯ ಮುಂದಿದ್ದಳು. ಗಂಡ ಅತ್ತೆಯರ ಜಗಳದಲ್ಲಿ ಎಂದೂ ಬಾಯಿ ಹಾಕಿದವಳಲ್ಲ. ಅಂದು ಎದ್ದು ಬಂದು ಗೂಡಿನ ಮುಂದೆ ನಿಂತಳು.

"ನಂದು ಯಾವದರಾಗ ಅದ ಅಮ್ಮಾ?"

ಬಡೇಬೀ ಸೊಸೆಯನ್ನು ಆ ಪ್ರಶ್ನೆ ಕೇಳಿರಲಿಲ್ಲ. ಕೇಳದೆಯೇ ಹಾಕಿದ್ದಳು. ಮೊದಲನೆಯ ಕುಡಿಕೆ ತೋರಿಸಿದಳು.

ಹಸೀನಾ ಗಂಡನ ಕಡೆ ನೋಡದೆ ಮಾತಾಡಿದಳು. "ರಾಯಚೂರಾಗ, ನಮ್ಮ ಅಪ್ಪನ ಮನ್ಯಾಗ. ಎರಡು ದಿನ ನೋವು ತಿಂದೆ. ಗಂಡು ಕೂಸು. ಹೊರಗ ಬಂದಾಗ ನೀಲಿ ಆಗಿತ್ತು. ಆಮ್ಯಾಲ ಮೂರು ತಿಂಗಳು ನನಗ ನಡಿಯಾಕ ಬರಲಿಲ್ಲ, ಗ್ವಾಡಿ ಹಿಡದು ಹೋಗತಿದ್ದೆ. ನಿಮಗ ಕೂಸು ಸತ್ತು ಹುಟ್ಯದ ಅಂತ ಕಾಗದ ಬರಿಸಿದ್ರು. ಅಷ್ಟ. ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗ ಆಗ ರಜಿಯಾನಷ್ಟ ವಯಸ್ಸು."

ಮೌಲಾಹುಸೇನ ಚಪ್ಪಲಿ ಮೆಟ್ಟಿ ಹೊರಗೆ ಹೋದ. ಎರಡು ದಿನ ಬಿಟ್ಟು ದೇವದುರ್ಗಕ್ಕೆ ಹೋಗಿ, ಹುಡುಗಿ ಹತ್ತನೇ ತರಗತಿ ಮುಗಿಸಲಿ, ಅಲ್ಲಿಯವರೆಗೆ ತಡೆಯಿರಿ ಎಂದು ಕೇಳಿಕೊಂಡ. ಸತ್ತಾರ್ ಸಾಬ್ ಚಹಾ ಕುಡಿಸಿ, ಹುಡುಗಿಯರು ಬೇರೆಯೂ ಇದ್ದಾರೆ ಎಂದರು. ಅಂದಿನಿಂದ ಮಾಲು ಕೊಡುವುದನ್ನೂ ನಿಲ್ಲಿಸಿದರು. ಅವನು ರಾಯಚೂರಿನಿಂದ ಬಟ್ಟೆ ತರಬೇಕಾಯಿತು. ಆ ಕಹಿಗೆ ಒಂದು ವರ್ಷ ತಾಯಿಯ ಜೊತೆ ನೇರ ಮಾತು ಬಿಟ್ಟಿದ್ದ. ಹೇಳುವುದಿದ್ದರೆ ರಜಿಯಾಳ ಮೂಲಕ ಹೇಳಿಸುತ್ತಿದ್ದ. ಹೆಂಡತಿಯ ಜೊತೆ ಮಾತ್ರ ಅವನ ದನಿ ಮೆತ್ತಗಾಗಿತ್ತು. ಬಾವಿಯ ಕೊಡವನ್ನು ಅವನೇ ಹೊತ್ತು ತಂದದ್ದನ್ನು ಓಣಿಯವರು ಬೆರಗಿನಿಂದ ನೋಡಿದರು.

ರಜಿಯಾ ಬಸ್ಸಿನಲ್ಲಿ ಮಾನ್ವಿ ಹೈಸ್ಕೂಲಿಗೆ ಹೋದಳು. ಬಸ್ಸು ಬಾರದ ದಿನ ಶಾಲೆಯಿಲ್ಲ. ಅವಳ ತರಗತಿಯಲ್ಲಿ ಹುಡುಗಿಯರು ಮೂವರೇ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ಒಮ್ಮೆ ಫೇಲಾಗಿ ಅಕ್ಟೋಬರಿನಲ್ಲಿ ಕಟ್ಟಿ ಪಾಸಾದಳು. ಮುಂದೆ ರಾಯಚೂರಿನಲ್ಲಿ ಶಿಕ್ಷಕರ ತರಬೇತಿ ಸೇರಿದಳು.

ಸೂಗಮ್ಮ ಬಡೇಬಿಯ ಎಣಿಕೆಯನ್ನು ಚೆನ್ನಾಗಿ ಬರೆದು ರಾಯಚೂರಿನ ತಿಂಗಳ ಸಭೆಗೆ ಒಯ್ದಳು. ಸಾಹೇಬರು ಓದಿ, ಒಳ್ಳೆಯದು, ಫೈಲಿನಲ್ಲಿ ಇಡಿ ಎಂದರು. ಆಮೇಲೆ ಅದರ ಸುದ್ದಿಯಿಲ್ಲ. ಸೂಗಮ್ಮ ಮಾತ್ರ ರಿಜಿಸ್ಟರಿನಲ್ಲಿ ಎಲ್ಲರಿಗೂ ಇಪ್ಪತ್ತು ಎಂದು ಬರೆಯುವುದನ್ನು ಬಿಟ್ಟಳು. ಹದಿನಾಲ್ಕು ಇದ್ದರೆ ಹದಿನಾಲ್ಕೇ ಬರೆದಳು. ಮೇಲಿನವರು ಕೇಳಿದರೆ ಕುರ್ಡಿಗೆ ಬಂದು ನೋಡಿ ಎನ್ನುತ್ತಿದ್ದಳು.

೧೯೮೪ರ ಮಳೆಗಾಲದಲ್ಲಿ ಗೋಪಮ್ಮನ ಮಗಳಿಗೆ ಜ್ವರ ಬಂತು. ಆಗ ಅದಕ್ಕೆ ಎರಡು ವರ್ಷ. ಬಡೇಬೀ ತಾನೂ ಜೊತೆಗೆ ಮಾನ್ವಿ ದವಾಖಾನೆಗೆ ಹೋದಳು. ಸಾಲು ಉದ್ದವಿತ್ತು. ಗೋಪಮ್ಮ ಚೀಟಿ ಮಾಡಿಸಲು ಹೋದಾಗ ಬಡೇಬೀ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಸಾಲಿನಲ್ಲಿದ್ದವರನ್ನು ನೋಡುತ್ತ ಕೂತಳು. ಹನ್ನೊಂದು ಮಂದಿ ತಾಯಂದಿರು, ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಕೂಸು. ಉಡಿದಾರ, ಅಂಗಿ ನೋಡಿ ಎಣಿಸಿದಳು. ಒಂಬತ್ತು ಗಂಡು. ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದಳು. ಒಂಬತ್ತೇ.

ಪಕ್ಕದ ಹೆಂಗಸಿನ ಕಡೆ ಸರಿದು ಕೇಳಿದಳು: "ಯಾವೂರು ಯವ್ವಾ?"

"ಬಾಗಲವಾಡರಿ."

"ಹೆಣ್ಣ ಮಕ್ಕಳು ಅದಾವೇನು ನಿನಗ?"

"ಎರಡು ಅದಾವ್ರಿ. ಮನ್ಯಾಗ ಬಿಟ್ಟು ಬಂದೀನಿ."

"ಅವಕ್ಕ ಜ್ವರ ಬರಂಗಿಲ್ಲೇನು?"

ಆ ಹೆಂಗಸು ಬಡೇಬಿಯ ಮುಖ ನೋಡಿದಳು. ಮಡಿಲಲ್ಲಿದ್ದ ಗಂಡು ಕೂಸಿನ ಹಣೆ ಸವರಿದಳು. "ಬರತದ್ರಿ" ಎಂದಳು. "ತಾನ ಹೋಗತದ."

"ಎಲ್ಲಾ ಸಲ ಹೋಗ್ಯದೇನು?"

ಕಂಪೌಂಡರು ಒಳಗಿನಿಂದ ಹೆಸರು ಕೂಗಿದ. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ಆ ಹೆಂಗಸು ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದು, ಮತ್ತೆ ಬಡೇಬಿಯ ಪಕ್ಕದಲ್ಲೇ ಕೂತಳು. "ಇನ್ನೊಂದು ಹೆಣ್ಣ ಕೂಸು ಇತ್ತು" ಎಂದು ಮೆಲ್ಲಗೆ ಹೇಳತೊಡಗಿದಳು.